ತಾಳ ಹಾಕುವ ಕೈ

ದಾವಣಗೆರೆಯ ನಮ್ಮ ಬಡಾವಣೆಯ ಆಂಜನೇಯನ ಗುಡಿಯಲ್ಲಿ ಶನಿವಾರದ ಭಜನೆಗೆ ಈಗ ತಬಲ ನುಡಿಸುವವರಿಲ್ಲ. ತಬಲ ನುಡಿಸುತ್ತಿದ್ದ ಮೇಷ್ಟ್ರು ಮಗನ ಮನೆಗೆಂದು ಹುಬ್ಬಳ್ಳಿಗೆ ಹೋದ ಮೇಲೆ ಅವರ ಜಾಗದಲ್ಲಿ ಎಲೆಕ್ಟ್ರಾನಿಕ್ ತಬಲ ಕೂತಿದೆ. ಗುಂಡಿ ಒತ್ತಿದರೆ ದಾದ್ರಾ, ಕೆಹರವಾ, ತೀನತಾಲ. ಒಂದು ತಿರುಪು ವೇಗಕ್ಕೆ, ಇನ್ನೊಂದು ಶ್ರುತಿಗೆ. 8 ಮಾತ್ರೆಯ ಕೆಹರವಾ ಗಂಟೆಗಟ್ಟಲೆ ನಡೆದರೂ ಕೂದಲೆಳೆಯಷ್ಟು ಜಾರುವುದಿಲ್ಲ. ಭಕ್ತಿ ಮುಖ್ಯ, ತಾಳ ಯಾರು ಹಾಕಿದರೇನು ಎನ್ನುತ್ತಾರೆ ಮಂಡಳಿಯವರು. ಈ ಮಾತನ್ನು ಹಗುರಾಗಿ ತಳ್ಳಿಹಾಕಲು ನನ್ನಿಂದಾಗದು.

ಯಂತ್ರ ಗುಡಿಯೊಳಗೆ ಬರಲೇಬಾರದು ಎನ್ನುವವಳು ನಾನಲ್ಲ. ಮಂಗಳಾರತಿಯ ಹೊತ್ತಿಗೆ ಎಷ್ಟೋ ಗುಡಿಗಳಲ್ಲಿ ಮೋಟಾರೇ ನಗಾರಿ, ಗಂಟೆ ಬಾರಿಸುತ್ತದೆ. ದೇವತೆಗಳು ಬರಲಿ, ರಾಕ್ಷಸರು ತೊಲಗಲಿ ಎಂದು ಗಂಟೆ ಬಾರಿಸುವುದಾಗಿ ಪೂಜೆಯ ಶ್ಲೋಕವೇ ಹೇಳುತ್ತದೆ. ಮೋಟಾರು ಕರೆದರೂ ಅದು ಕರೆಯೇ. ಜಾಗಟೆಯ ಕೋಲಿಗೆ ಮುಗಿಬೀಳುತ್ತಿದ್ದ ಮಕ್ಕಳು ಸುಮ್ಮನೆ ನಿಂತಿರುತ್ತಾರೆ, ಆ ಸಂಕಟ ಬೇರೆ. ಹಿಮಾಲಯದ ಬೌದ್ಧರಲ್ಲಂತೂ ಮಂತ್ರದ ಸುರುಳಿ ತುಂಬಿದ ಚಕ್ರವನ್ನು ಹರಿಯುವ ನೀರೇ ತಿರುಗಿಸುವುದುಂಟು. ಅದರ ಪುಣ್ಯ ಸಕಲ ಜೀವಿಗಳಿಗೂ ಸಲ್ಲಲಿ ಎಂಬುದು ಅವರ ಹಾರೈಕೆ. ಅದನ್ನು ಅರೆಭಕ್ತಿ ಎನ್ನಲು ನನಗೆ ಬಾಯಿ ಬಾರದು. ಎಲೆಕ್ಟ್ರಾನಿಕ್ ತಂಬೂರಿಯನ್ನು ದೊಡ್ಡ ದೊಡ್ಡ ವಿದ್ವಾಂಸರೇ ಕಛೇರಿಯಲ್ಲಿ ಪಕ್ಕಕ್ಕಿಟ್ಟುಕೊಳ್ಳುತ್ತಾರೆ.

ಹಾಗಿದ್ದರೆ ತಬಲಕ್ಕೆ ಮಾತ್ರ ಮನಸ್ಸು ಏಕೆ ಒಪ್ಪುವುದಿಲ್ಲ? ತಂಬೂರಿಯ ಶ್ರುತಿ ಅಲುಗದೆ ನಿಂತಿರಬೇಕಾದದ್ದು, ನಿಲ್ಲುವ ಕೆಲಸವನ್ನು ಯಂತ್ರ ಮಾಡೀತು. ಆದರೆ ಭಜನೆಯ ಲಯ ಹಾಡುವವರ ಉಸಿರಿನಿಂದ ಹುಟ್ಟುತ್ತದೆ. ನಮ್ಮಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಚರಣದ ನಡುವೆ ಉಸಿರು ಸಾಲದೆ ಅವರು ನಿಂತುಬಿಡುವುದುಂಟು. ಮೇಷ್ಟ್ರು ಅವರ ಮುಖ ನೋಡಿಕೊಂಡೇ ನುಡಿಸುತ್ತಿದ್ದರು. ಡಗ್ಗಾದ ಸದ್ದು ತಗ್ಗಿಸಿ ಇನ್ನೊಂದು ಆವರ್ತನ ತುಂಬಿಸಿ, ಅಜ್ಜಿ ಪದ ಎತ್ತಿಕೊಳ್ಳುತ್ತಲೇ ತಾಳದ ಮೊದಲ ಮಾತ್ರೆಯಾದ ಸಮಕ್ಕೆ ಬಂದು ಕೂಡುತ್ತಿದ್ದರು. ಈಗ ಅಜ್ಜಿ ಪಲ್ಲವಿಗೆ ಮಾತ್ರ ದನಿಗೂಡಿಸುತ್ತಾರೆ. ಕೊನೆಯಲ್ಲಿ ನಾಮಾವಳಿ ಬಿರುಸಾಗುವಾಗ ಒಬ್ಬರು ಹಾಡು ಬಿಟ್ಟು ತಿರುಪು ಹಿಡಿಯಬೇಕು.

ದೇವರಿಗೆ ಇದರಿಂದ ಏನು ಕಡಿಮೆಯಾಯಿತು? ಏನೂ ಇಲ್ಲ. ಹರಿದಾಸರು ನಂಬಿದ ಮಧ್ವಮತದಲ್ಲಿ ಹರಿ ಗುಣಪೂರ್ಣ, ಸ್ವತಂತ್ರ. ನಮ್ಮ ತಾಳದಿಂದ ಅವನಿಗೆ ಸೇರುವುದೂ ಇಲ್ಲ, ತಪ್ಪಿದರೆ ಕಳೆಯುವುದೂ ಇಲ್ಲ. ಹಾಗೆ ನೋಡಿದರೆ ತಪ್ಪಿಲ್ಲದ ತಾಳದ ಹಂಬಲ ನಮ್ಮದು, ಅವನದಲ್ಲ. ಭಜನೆಯಿಂದ ಬದಲಾಗಬೇಕಾದವರು ನಾವು. ಇನ್ನೊಬ್ಬರ ಉಸಿರಿಗೆ ಕಾಯುವುದನ್ನು ಅಲ್ಲಿ ಕಲಿಯದಿದ್ದರೆ ಮತ್ತೆಲ್ಲಿ ಕಲಿಯುವುದು? ವಾದ್ಯ ಬಾರಿಸುವುದೂ ಕಾಯಕವೇ. 12ನೇ ಶತಮಾನದ ಶರಣರಲ್ಲಿ ಡಕ್ಕೆಯ ಬೊಮ್ಮಣ್ಣ ಡಕ್ಕೆ ಬಾರಿಸುವುದನ್ನೇ ಕಾಯಕ ಮಾಡಿಕೊಂಡವನು. ಕಾಯಕವನ್ನು ಬದಲಿ ಆಳಿಟ್ಟು ಮಾಡಿಸಲಾಗದು ಎಂದು ನಾನು ನಂಬಿದ್ದೇನೆ. ತಬಲದ ಪೆಟ್ಟಿಗೆ ನುಡಿಸುವುದು ಕಾಯಕವಲ್ಲ, ಗುಂಡಿ ಒತ್ತಿದವರದೂ ಅಲ್ಲ.

ಮನೆಯಲ್ಲಿ ಒಬ್ಬರೇ ಕೂತು ಹಾಡುವವರಿಗೆ ಆ ಪೆಟ್ಟಿಗೆ ಒಳ್ಳೆಯ ಜೊತೆ, ಅದರಲ್ಲಿ ತಕರಾರಿಲ್ಲ. ನನ್ನ ಮಾತು ಹತ್ತು ಜನ ಕೂಡಿದ ಕಡೆಯದು. ನಮ್ಮ ಓಣಿಯಲ್ಲಿ ಹೈಸ್ಕೂಲಿನ ಹುಡುಗನೊಬ್ಬ ತಬಲ ಕಲಿಯುತ್ತಿದ್ದಾನೆ. ಕೆಹರವಾ ಬರುತ್ತದೆ, ವೇಗ ಹೆಚ್ಚಿದರೆ ತಡವರಿಸುತ್ತಾನೆ. ಅವನನ್ನು ಕೂರಿಸೋಣ ಎಂದರೆ, ಜನರ ಮುಂದೆ ತಾಳ ತಪ್ಪುತ್ತದೆ ಎನ್ನುತ್ತಾರೆ ಕಾರ್ಯದರ್ಶಿಗಳು. ತಪ್ಪಲಿ. ನಮ್ಮ ಕೈಯಲ್ಲಿ ತಾಳಗಳಿವೆ, ಅವನನ್ನು ಸಮಕ್ಕೆ ಕರೆತರುತ್ತೇವೆ. ಅಜ್ಜಿಯ ಎದುರಿಗೇ ಅವನು ಕೂರಲಿ, ಮುಖ ಕಾಣುವ ಹಾಗೆ.