ದೇವರಲ್ಲಿ ಭರವಸೆಯಿಡುವುದೆಂದರೇನು?

ದೇವರನ್ನು ಪ್ರೀತಿಸಬೇಕು, ದೇವರಲ್ಲಿ ಭರವಸೆಯಿಡಬೇಕು ಎಂಬೆರಡು ಮಾತುಗಳು ಬಾಲ್ಯದ ಜ್ಞಾನೋಪದೇಶದಿಂದ ಮೊದಲ್ಗೊಂಡು ಮೃತ್ಯುಶಯ್ಯೆಯ ಪಕ್ಕದ ಪ್ರಾರ್ಥನೆಯವರೆಗೂ ಕ್ರೈಸ್ತನಾದವನ ಕಿವಿಗೆ ಎಡೆಬಿಡದೆ ಬೀಳುತ್ತಿರುವುದರಿಂದಲೇ ಏನೋ, ಅವುಗಳ ಅರ್ಥವನ್ನು ನಿಂತು ವಿಚಾರಿಸಿ ನೋಡುವವರು ನಮ್ಮಲ್ಲಿ ವಿರಳ. ಬೇಡಿದ್ದು ಕೈಗೂಡುವುದೆಂಬ ನಿಶ್ಚಯವೇ ಭರವಸೆ, ಕೈಗೂಡಿಸಿದಾತನಲ್ಲಿ ಹುಟ್ಟುವ ಕೃತಜ್ಞತೆಯೇ ಪ್ರೀತಿ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಈ ಲೆಕ್ಕದಲ್ಲಿ ಭರವಸೆ ಮೊದಲು, ಫಲಪ್ರಾಪ್ತಿ ಆಮೇಲೆ, ಪ್ರೀತಿ ಕಟ್ಟಕಡೆಗೆ. ಕ್ರೈಸ್ತ ಚಿಂತನೆಯ ಮುಖ್ಯ ಧಾರೆಯು ಈ ಕ್ರಮವನ್ನು ತಲೆಕೆಳಗು ಮಾಡಿ, ಪ್ರೀತಿಯನ್ನು ಮೊದಲಿಗೆ ಇರಿಸಿ, ಫಲವು ಬರಲಿ ಬಾರದಿರಲಿ ಭರವಸೆಯು ಆ ಪ್ರೀತಿಯ ಹಿಂದೆಯೇ ನಡೆಯತಕ್ಕದ್ದೆಂದು ಹೇಳುತ್ತದೆ. ಭಟ್ಕಳ, ಹೊನ್ನಾವರ, ಕುಮಟಾಗಳ ಈ ಕರಾವಳಿಯಲ್ಲಿ ಹುಟ್ಟಿ, ಕಡಲನ್ನೂ ಮಳೆಯನ್ನೂ ನಂಬಿ ಬಾಳುವವರ ನಡುವೆಯೇ ಬೆಳೆದ ನನಗೆ ಈ ಮಾತಿನ ಸತ್ಯವು ಗ್ರಂಥಗಳಿಗಿಂತ ಮೊದಲು ಮನುಷ್ಯರಲ್ಲಿ ಕಾಣಿಸಿತು. ಗ್ರಂಥಗಳು ಅದಕ್ಕೆ ಭಾಷೆಯನ್ನು ಒದಗಿಸಿದವು.

ದೇವರಿದ್ದಾನೆಂದು ಒಪ್ಪುವುದು ಬೇರೆ, ಆತನಲ್ಲಿ ಭರವಸೆಯಿಡುವುದು ಬೇರೆ ಎಂಬುದನ್ನು ಮೊದಲು ಮನಗಾಣಬೇಕು. ಸಂತ ಯಾಕೋಬನು ತನ್ನ ಪತ್ರದ ಎರಡನೆಯ ಅಧ್ಯಾಯದಲ್ಲಿ, ದೇವರೊಬ್ಬನೇ ಎಂಬುದನ್ನು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಎಂಬ ಅರ್ಥದ ಕಠೋರವಾದ ಮಾತೊಂದನ್ನು ಆಡಿದ್ದಾನೆ. ಬುದ್ಧಿಯ ಸಮ್ಮತಿ ಮಾತ್ರವೇ ವಿಶ್ವಾಸವಾಗಿದ್ದರೆ ದೆವ್ವಗಳ ವಿಶ್ವಾಸವು ನಮ್ಮದಕ್ಕಿಂತ ದೃಢವೆಂದೇ ಹೇಳಬೇಕಾದೀತು. ಏಕೆಂದರೆ ಅವುಗಳಿಗೆ ಸಂಶಯವೇ ಇಲ್ಲ. ಅವುಗಳಲ್ಲಿ ಇಲ್ಲದಿರುವುದು ಪ್ರೀತಿ. ಈ ಸೂತ್ರವನ್ನೇ ಹಿಡಿದು ಹದಿಮೂರನೆಯ ಶತಮಾನದ ಮಹಾತತ್ತ್ವಜ್ಞಾನಿ ಸಂತ ಥಾಮಸ್ ಅಕ್ವಿನಾಸನು, ಪ್ರೀತಿಯಿಲ್ಲದ ವಿಶ್ವಾಸವು ರೂಪ ತಳೆಯದ ದ್ರವ್ಯದಂತೆ ಅಪೂರ್ಣವೆಂದೂ, ಪ್ರೀತಿಯೇ ಅದಕ್ಕೆ ರೂಪವನ್ನೂ ಪ್ರಾಣವನ್ನೂ ಕೊಡತಕ್ಕದ್ದೆಂದೂ ಪ್ರತಿಪಾದಿಸಿದನು. ಅರಿಸ್ಟಾಟಲನಿಂದ ಬಂದ ದ್ರವ್ಯ-ರೂಪಗಳ ಪರಿಭಾಷೆಯನ್ನು ಬದಿಗಿಟ್ಟರೂ ಹೇಳಿಕೆ ಸರಳವಾಗಿದೆ: ಯಾರನ್ನು ನಾವು ಪ್ರೀತಿಸುವುದಿಲ್ಲವೋ ಅವರಿಂದ ಪ್ರಯೋಜನವನ್ನು ನಿರೀಕ್ಷಿಸಬಹುದೇ ಹೊರತು ಅವರಿಗೆ ನಮ್ಮನ್ನು ಒಪ್ಪಿಸಿಕೊಳ್ಳಲಾಗದು.

ಹಾಗಾದರೆ ಬೇಡಿಕೆಗೆ ಸ್ಥಾನವೆಲ್ಲಿ? ಹೊನ್ನಾವರ-ಕುಮಟಾಗಳ ನಡುವಣ ಚಂದಾವರದ ಇಗರ್ಜಿಯಲ್ಲಿ ಪ್ರತಿವರ್ಷ ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಜೇವಿಯರರ ಹಬ್ಬ ನಡೆಯುವಾಗ, ಕ್ರೈಸ್ತರು ಮಾತ್ರವಲ್ಲದೆ ಸುತ್ತಣ ಊರುಗಳ ಅನ್ಯಮತೀಯರೂ ಹರಕೆ ಹೊತ್ತು ಬರುತ್ತಾರೆ. ಮಗುವಿಗೆ ಜ್ವರ ಬಿಟ್ಟದ್ದಕ್ಕೆ, ಮಗಳಿಗೆ ಕಂಕಣ ಕೂಡಿಬಂದದ್ದಕ್ಕೆ, ಹೊಸ ಬೋಟು ನೀರಿಗಿಳಿದದ್ದಕ್ಕೆ ಒಂದೊಂದು ಮೊಂಬತ್ತಿ. ವಿದ್ಯಾವಂತರಾದ ನಮ್ಮವರು ಕೆಲವರು ಇದನ್ನು ಕಂಡು, ಇದು ದೇವರೊಡನೆ ಮಾಡುವ ವ್ಯಾಪಾರವೆಂದು ಮೂಗು ಮುರಿಯುವುದುಂಟು. ಆ ಆಕ್ಷೇಪದಲ್ಲಿ ತಿರುಳಿಲ್ಲವೆಂದು ನಾನು ಹೇಳಲಾರೆ. ಬೈಬಲಿನ ಯೋಬನ ಗ್ರಂಥವು ಆರಂಭವಾಗುವುದೇ ಆ ಆಕ್ಷೇಪದಿಂದ. ಯೋಬನು ಪ್ರತಿಫಲವಿಲ್ಲದೆ ದೇವರಿಗೆ ಅಂಜಿ ನಡೆಯುತ್ತಾನೆಯೇ, ಕೊಟ್ಟದ್ದನ್ನು ಕಿತ್ತುಕೊಂಡರೆ ಅವನ ಭಕ್ತಿ ಉಳಿದೀತೇ ಎಂದು ಅಲ್ಲಿ ಸೈತಾನನು ದೇವರ ಎದುರಿನಲ್ಲೇ ಕೇಳುತ್ತಾನೆ. ಪ್ರಶ್ನೆ ಕೇಳಿದವನು ಸೈತಾನನೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ಭಕ್ತಿಯ ಬಗೆಗೆ ಕೇಳಬಹುದಾದ ಪ್ರಶ್ನೆಗಳಲ್ಲೆಲ್ಲ ಅದೇ ಆಳವಾದದ್ದು.

ಈ ಪ್ರಶ್ನೆಯ ಮೇಲೆ ಯೂರೋಪಿನಲ್ಲಿ ಒಂದು ದೊಡ್ಡ ವಿವಾದವೇ ನಡೆಯಿತು. ಫ್ರಾನ್ಸಿನ ಕಾಂಬ್ರೇ ನಗರದ ಆರ್ಚ್‌ಬಿಷಪ್ಪನಾಗಿದ್ದ ಫೆನೆಲೋನನು 1697ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಪರಿಶುದ್ಧವಾದ ಪ್ರೀತಿಯೆಂಬುದು ಸ್ವಂತ ಸುಖವನ್ನಷ್ಟೇ ಅಲ್ಲದೆ ಸ್ವಂತ ಮೋಕ್ಷದ ಆಸೆಯನ್ನೂ ಮರೆತಿರುವುದೆಂದು ವಾದಿಸಿದನು. ಅವನಿಗೆ ಎದುರಾಗಿ ನಿಂತ ಬಿಷಪ್ ಬೊಸ್ಯುಏಯು, ದೇವರು ತಾನೇ ಮನುಷ್ಯನ ಹೃದಯದಲ್ಲಿಟ್ಟ ಆಸೆಯನ್ನು ಕಳಂಕವೆನ್ನುವುದು ದೇವರಿಗೇ ದೋಷವನ್ನು ಹೊರಿಸಿದಂತೆಂದು ಸಾಧಿಸಿದನು. 1699ರಲ್ಲಿ ಪೋಪ್ ಹನ್ನೆರಡನೆಯ ಇನೊಸೆಂಟರು ಫೆನೆಲೋನನ ಗ್ರಂಥದ ಕೆಲವು ವಾಕ್ಯಗಳನ್ನು ಖಂಡಿಸಿದರು. ಫೆನೆಲೋನನು ಆ ತೀರ್ಪಿಗೆ ತಲೆಬಾಗಿದನು. ಮನುಷ್ಯನು ತನ್ನ ಒಳಿತಿಗಾಗಿ ದೇವರನ್ನು ಬೇಡುವುದು ಪ್ರೀತಿಗೆ ವಿರೋಧವಲ್ಲ ಎಂಬುದು ಹೀಗೆ ಧರ್ಮಸಭೆಯ ನಿಲುವಾಗಿ ಉಳಿಯಿತು. ಭಗವದ್ಗೀತೆಯ ಏಳನೆಯ ಅಧ್ಯಾಯವನ್ನು ಬಲ್ಲ ಕನ್ನಡ ಓದುಗರಿಗೆ ಇದು ಅಪರಿಚಿತವೆನಿಸದು. ಅಲ್ಲಿಯೂ ಆರ್ತ, ಜಿಜ್ಞಾಸು, ಅರ್ಥಾರ್ಥಿ, ಜ್ಞಾನಿ ಎಂಬ ನಾಲ್ವರಲ್ಲಿ ಜ್ಞಾನಿಗೆ ಅಗ್ರಸ್ಥಾನ ಸಲ್ಲುವುದಾದರೂ, ಮಿಕ್ಕ ಮೂವರನ್ನು ಭಗವಂತನು ಹೊರಗಟ್ಟುವುದಿಲ್ಲ.

ಆದಕಾರಣ ಚಂದಾವರದ ಮೊಂಬತ್ತಿಯನ್ನು ನಾನು ಭರವಸೆಯ ಮೊದಲ ಮೆಟ್ಟಿಲೆಂದು ತಿಳಿಯುತ್ತೇನೆ. ಬೇಡುವವನು ಕನಿಷ್ಠಪಕ್ಷ ತನ್ನ ಬಲ ಸಾಲದೆಂದು ಒಪ್ಪಿದ್ದಾನೆ, ಕೇಳುವವನೊಬ್ಬನಿದ್ದಾನೆಂದು ಅರಿತಿದ್ದಾನೆ. ಬೇಡುವವನ ನಿಜವಾದ ಪರೀಕ್ಷೆ ಮರುವರ್ಷದ್ದು. ಹರಕೆ ಫಲಿಸದಿದ್ದ ವರ್ಷವೂ ಯಾರು ಅದೇ ದಾರಿಯಲ್ಲಿ ನಡೆದುಬಂದು ಅದೇ ಮೊಂಬತ್ತಿಯನ್ನು ಹಚ್ಚುತ್ತಾರೋ, ಅವರಲ್ಲಿ ವ್ಯಾಪಾರವು ಮುಗಿದು ಪ್ರೀತಿಯು ಮೊದಲಾಗಿದೆ. ಅಂಥವರು ಅಲ್ಲಿಗೆ ಬರುತ್ತಾರೆ; ನಾನು ಬಲ್ಲೆ.

ಭರವಸೆಗೂ ದುಡುಕಿಗೂ ಇರುವ ಅಂತರವನ್ನು ಇಲ್ಲಿಯೇ ಸೂಚಿಸಬೇಕು. ದೇವಾಲಯದ ಶಿಖರದಿಂದ ಕೆಳಕ್ಕೆ ಧುಮುಕು, ದೂತರು ನಿನ್ನನ್ನು ಎತ್ತಿಕೊಳ್ಳುವರೆಂದು ಕೀರ್ತನೆಯಲ್ಲಿ ಬರೆದಿದೆಯಲ್ಲ ಎಂದು ಸೈತಾನನು ಕ್ರಿಸ್ತನಿಗೆ ಹೇಳಿದಾಗ, ಕ್ರಿಸ್ತನು ಒಪ್ಪಲಿಲ್ಲ. ದೇವರನ್ನು ಪರೀಕ್ಷಿಸಬಾರದೆಂದು ಉತ್ತರಿಸಿದನು. ಶರಾವತಿಯು ಕಡಲನ್ನು ಸೇರುವ ಹೊನ್ನಾವರದ ಅಳಿವೆಯಲ್ಲಿ ಹೂಳು ತುಂಬಿ, ಉಬ್ಬರದ ಹೊತ್ತು ನೋಡಿಯೇ ಬೋಟುಗಳು ದಾಟಬೇಕಾಗಿರುವುದು ಕಾಸರಕೋಡಿನ ಮಕ್ಕಳಿಗೂ ತಿಳಿದ ವಿಷಯ. ಹೊತ್ತು ಮೀರಿ, ಹವಾಮಾನದ ಎಚ್ಚರಿಕೆಯನ್ನು ಮೀರಿ, ದೇವರಿದ್ದಾನೆಂದು ಅಳಿವೆಗೆ ಬೋಟು ನುಗ್ಗಿಸುವವನದು ಭರವಸೆಯಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ, ಆದಾಯವಿಲ್ಲದ ಮನೆಯಲ್ಲಿ ಕುಳಿತು ಹರಿದ ಬಲೆಯ ಕಣ್ಣುಗಳನ್ನು ಒಂದೊಂದಾಗಿ ಹೆಣೆದು ಸರಿಪಡಿಸುತ್ತ, ಆಗಸ್ಟಿನ ಕಡಲಿಗೆ ಸಿದ್ಧನಾಗುವವನಲ್ಲಿ ಭರವಸೆ ಇದೆ. ಕ್ರಿಸ್ತನು ಆಕಾಶದ ಹಕ್ಕಿಗಳನ್ನು ತೋರಿಸಿ ನಾಳೆಯ ಚಿಂತೆ ಬೇಡವೆಂದದ್ದು ಸೋಮಾರಿಗಳಿಗೆ ಅಭಯವೆಂದು ತಿಳಿಯುವವರು, ರೆಕ್ಕೆ ಬಲಿತ ಹಕ್ಕಿಯು ಬೆಳಗ್ಗೆ ಗೂಡಿನಲ್ಲೇ ಕುಳಿತು ಆಹಾರಕ್ಕಾಗಿ ಬಾಯಿ ತೆರೆದಿರುವುದಿಲ್ಲ ಎಂಬುದನ್ನು ಗಮನಿಸಲಿ.

ಮನುಷ್ಯಪ್ರಯತ್ನವೂ ದೈವಾನುಗ್ರಹವೂ ಎಲ್ಲಿ ಕೂಡುತ್ತವೆ ಎಂಬುದು ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನನಿಗೂ ಪೆಲೇಜಿಯಸನಿಗೂ ನಡೆದ ವಾದದ ತಿರುಳು. ನಮ್ಮ ಮೇಲುಕೋಟೆಯ ಆಚಾರ್ಯಪರಂಪರೆಯು ಶರಣಾಗತಿಯ ವಿಷಯದಲ್ಲಿ ಚರ್ಚಿಸಿದ್ದೂ ಇದನ್ನೇ. ಆ ವಾದಗಳ ಜಟಿಲತೆಯೊಳಕ್ಕೆ ಹೋಗದೆ, ಕುಮಟಾ ತಾಲೂಕಿನ ಮಾಣಿಕಟ್ಟಾದ ಗಜನಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವಂತೆ ಓದುಗರನ್ನು ಕೇಳಿಕೊಳ್ಳುತ್ತೇನೆ. ಅಘನಾಶಿನಿಯ ಹಿನ್ನೀರು ಉಬ್ಬರ ಇಳಿತಗಳೊಡನೆ ಏರಿಳಿಯುವ ಆ ಚೌಳುಭೂಮಿಯಲ್ಲಿ ಬೆಳೆಯುವುದು ಕಗ್ಗವೆಂಬ ಭತ್ತದ ತಳಿ. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದ ಮೇಲೆ, ಮೊಳಕೆ ಬರಿಸಿದ ಬೀಜವನ್ನು ರೈತನು ಕೆಸರಿನ ಮೇಲೆ ಎರಚುತ್ತಾನೆ. ಗೊಬ್ಬರವಿಲ್ಲ, ಔಷಧವಿಲ್ಲ. ನೆರೆ ಬಂದು ಪೈರು ಮುಳುಗುತ್ತದೆ, ಉಪ್ಪುನೀರು ನುಗ್ಗುತ್ತದೆ. ನೀರಿಳಿದಾಗ ಆಳೆತ್ತರದ ಪೈರು ಮತ್ತೆ ತಲೆಯೆತ್ತುತ್ತದೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಉಳಿದ ಹುಲ್ಲನ್ನು ನೀರಿಗೇ ಬಿಡುತ್ತಾರೆ. ಆಮೇಲೆ ಅದೇ ಗದ್ದೆ ಸಿಗಡಿಗೂ ಮೀನಿಗೂ ಆಶ್ರಯವಾಗುತ್ತದೆ. ಆದರೆ ಈ ರೈತನು ಕೈಕಟ್ಟಿ ಕುಳಿತವನಲ್ಲ. ಕಟ್ಟೆ ಒಡೆದರೆ ಗಜನಿಯೇ ಇಲ್ಲವಾದ್ದರಿಂದ ಅದರ ಒಂದೊಂದು ಬಿರುಕಿಗೂ ಊರಿನವರು ಕೂಡಿ ಮಣ್ಣು ಮೆತ್ತುತ್ತಾರೆ, ನೀರಿನ ಬಾಗಿಲಿನ ಹಲಗೆಯನ್ನು ಹೊತ್ತುಹೊತ್ತಿಗೆ ಏರಿಸಿ ಇಳಿಸುತ್ತಾರೆ. ತನ್ನ ಪಾಲಿನದು ಕಟ್ಟೆ, ಬೆಳೆಸುವುದು ತನ್ನ ಪಾಲಿನದಲ್ಲ ಎಂಬ ಈ ವಿವೇಕವನ್ನೇ ಮಾರ್ಕನ ಶುಭಸಂದೇಶದ ಉಪಮೆಯೊಂದು ಹೇಳುತ್ತದೆ: ಬಿತ್ತಿದವನು ರಾತ್ರಿ ಮಲಗಿ ಹಗಲು ಏಳುತ್ತಿರಲು, ಅವನಿಗೇ ತಿಳಿಯದ ಬಗೆಯಲ್ಲಿ ಬೀಜವು ಮೊಳೆತು ಬೆಳೆಯುತ್ತದೆ. ಆ ಉಪಮೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಂಶ ಆ ರೈತನ ನಿದ್ರೆ. ದುಡಿದವನಿಗೆ ಮಾತ್ರ ಬರುವ, ಭರವಸೆಯಿಟ್ಟವನಿಗೆ ಮಾತ್ರ ಹತ್ತುವ ನಿದ್ರೆ ಅದು.

ಇಷ್ಟರಿಂದ ವಿಷಯ ಮುಗಿಯುವಂತಿದ್ದರೆ ಚೆನ್ನಾಗಿತ್ತು. ಕೆಲವು ವರ್ಷ ಕಟ್ಟೆ ಒಡೆಯುತ್ತದೆ. ಕೆಲವು ಬೋಟುಗಳು ಅಳಿವೆಯಿಂದ ಮರಳುವುದಿಲ್ಲ. ಮಗನನ್ನು ಕಡಲಿಗೆ ಒಪ್ಪಿಸಿದ ತಾಯಿಯೊಬ್ಬರನ್ನು ನಾನು ಕಂಡಿದ್ದೇನೆ. ಸಂಜೆಯ ತೇರ್ಸಿಗೆ, ಎಂದರೆ ಜಪಸರದ ಪ್ರಾರ್ಥನೆಗೆ, ಮನೆಯವರೂ ನೆರೆಯವರೂ ಪೀಠದೆದುರು ಕೂಡಿದಾಗ ಆಕೆಯೂ ಜಪಸರವನ್ನು ಹಿಡಿದು ಗೋಡೆಗೊರಗಿ ಕುಳಿತುಕೊಳ್ಳುತ್ತಿದ್ದರು. ಕ್ರಿಸ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಿನ್ನ ಚಿತ್ತವು ನೆರವೇರಲಿ ಎಂಬರ್ಥದ ಮಾತು ಬಂದಾಗ ಮಾತ್ರ ಆಕೆಯ ತುಟಿಗಳು ನಿಲ್ಲುತ್ತಿದ್ದವು. ಮುಂದಿನ ಮಾತಿಗೆ ಮತ್ತೆ ಚಲಿಸುತ್ತಿದ್ದವು. ಬಹುಕಾಲ ಹೀಗೆಯೇ ನಡೆಯಿತು. ಆ ಮನೆಯಲ್ಲಿ ಯಾರೂ ಆಕೆಯನ್ನು ಒತ್ತಾಯಿಸಲಿಲ್ಲ. ಆಕೆ ಬಿಟ್ಟ ಮಾತನ್ನು ಉಳಿದವರು ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದರು. ಆಕೆಯ ಭರವಸೆ ಕುಂದಿತೆಂದು ತೀರ್ಮಾನಿಸುವವರಿಗೆ ನನ್ನ ಉತ್ತರವಿಷ್ಟೆ: ಹೇಳಲಾರದ ಮಾತೊಂದಿದೆಯೆಂದು ಗೊತ್ತಿದ್ದೂ ದಿನದಿನವೂ ಬಂದು ಆ ಪ್ರಾರ್ಥನೆಯೊಳಗೇ ಕುಳಿತವರ ಭರವಸೆಯು, ಯಾವ ನೋವೂ ಇಲ್ಲದೆ ಅದನ್ನು ಸರಾಗವಾಗಿ ಉಚ್ಚರಿಸುವ ನಮ್ಮ ಭರವಸೆಗಿಂತ ಕಿರಿದಲ್ಲ.

ಇದಕ್ಕೆ ಶಾಸ್ತ್ರಾಧಾರವಿದೆ. ಬೈಬಲಿನ 150 ಕೀರ್ತನೆಗಳಲ್ಲಿ ದೊಡ್ಡದೊಂದು ಪಾಲು ಪ್ರಲಾಪಗಳೇ. ಏಕೆ ಕೈಬಿಟ್ಟೆ, ಎಷ್ಟುಕಾಲ ಮರೆತಿರುವೆ ಎಂದು ದೇವರನ್ನೇ ಕೇಳುವ ಆರ್ತನಾದಗಳನ್ನು ಪ್ರಾರ್ಥನೆಯ ಗ್ರಂಥದೊಳಗೇ ಸೇರಿಸಿಟ್ಟಿದ್ದಾರೆ. ಗೆತ್ಸೆಮನೆಯ ತೋಟದಲ್ಲಿ ಕ್ರಿಸ್ತನು ತನ್ನ ಪಾಲಿನ ಯಾತನೆಯ ಪಾತ್ರೆ ದೂರವಾಗಲೆಂದು ಬೇಡಿಕೊಂಡನು; ಅದು ದೂರವಾಗಲಿಲ್ಲ. ದೂರುವುದು ಭರವಸೆಯ ಅಭಾವವಲ್ಲ. ದೂರನ್ನು ಯಾರ ಬಳಿಗೆ ಒಯ್ಯುತ್ತೇವೆ ಎಂಬುದರಲ್ಲಿ ಭರವಸೆಯಿದೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟ ಕೆನರಾದ ಕ್ರೈಸ್ತರಲ್ಲಿ ಬದುಕುಳಿದವರು, 1799ರ ಬಳಿಕ ಮರಳಿ ಬಂದು, ಹಾಳಾಗಿದ್ದ ಇಗರ್ಜಿಗಳನ್ನು ಪುನಃ ಕಟ್ಟಿಕೊಂಡರು. ಆ ಹದಿನೈದು ವರ್ಷಗಳ ಅವರ ಪ್ರಾರ್ಥನೆಗಳಲ್ಲಿ ದೂರು ಇರಲಿಲ್ಲವೆಂದು ಯಾರು ಹೇಳಬಲ್ಲರು?

ಪ್ರೀತಿಯ ವಿಷಯದಲ್ಲಿ ಒಂದು ಮಾತು ಉಳಿದಿದೆ. ಕಾಣುವ ಸೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನೆಂದು ಯೋವಾನ್ನನ ಮೊದಲ ಪತ್ರವು ಕಡ್ಡಿಮುರಿದಂತೆ ಹೇಳುತ್ತದೆ. ಸೋದರನೆಂದರೆ ಇಗರ್ಜಿಯಲ್ಲಿ ಪಕ್ಕಕ್ಕೆ ಕುಳಿತವನು ಮಾತ್ರವೇ ಎಂದು ಕೇಳಿದರೆ, ಲೂಕನ ಹತ್ತನೆಯ ಅಧ್ಯಾಯದ ಸಮಾರಿಯದವನ ಕಥೆಯು ಉತ್ತರ ಕೊಡುತ್ತದೆ. ಅಲ್ಲಿ ದಾರಿಯಲ್ಲಿ ಬಿದ್ದವನನ್ನು ಎತ್ತಿದವನು ಪರಮತದವನು. ಕ್ರೈಸ್ತರು ಕೆಲವೇ ಮನೆಗಳಾಗಿ, ಮುಸಲ್ಮಾನರೂ ಹಿಂದೂಗಳೂ ಬಹುಸಂಖ್ಯೆಯಲ್ಲಿರುವ ಭಟ್ಕಳದಲ್ಲಿ, 1993ರ ಗಲಭೆಯ ನೋವು ಇನ್ನೂ ಹಿರಿಯರ ಮಾತಿನಲ್ಲಿ ಸುಳಿಯುವ ಆ ಊರಿನಲ್ಲಿ, ದೇವರನ್ನು ಪ್ರೀತಿಸುತ್ತೇನೆಂಬ ಮಾತಿನ ಬೆಲೆಯು ಅಂಗಡಿಯ ಕಟ್ಟೆಯಲ್ಲಿ, ಮೀನುಪೇಟೆಯಲ್ಲಿ, ಆಸ್ಪತ್ರೆಯ ಸರತಿಯಲ್ಲಿ ಗೊತ್ತಾಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದ ಅಡಿಗೆಮನೆಯಲ್ಲಿ ದುಡಿಯುತ್ತಿದ್ದ ಬ್ರದರ್ ಲಾರೆನ್ಸನು, ಪಾತ್ರೆಗಳ ಸದ್ದಿನ ನಡುವೆಯೂ ದೇವರು ತನಗೆ ಪೂಜಾವೇಳೆಯಲ್ಲಿದ್ದಷ್ಟೇ ಹತ್ತಿರವೆಂದು ಹೇಳುತ್ತಿದ್ದನು. ಕಾಯಕವನ್ನೇ ಪೂಜೆಯೆಂದು ಬಗೆದ ಶರಣರ ನಾಡಿನಲ್ಲಿ ಹುಟ್ಟಿದ ನಮಗೆ ಇದನ್ನು ಗ್ರಹಿಸುವುದು ಕಷ್ಟವಾಗಬಾರದು.

ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ ಓದುಗರು, ಯಾವ ಮತದವರೇ ಆಗಿರಲಿ, ಮಾರ್ಕನ ಶುಭಸಂದೇಶವನ್ನು ಒಮ್ಮೆ ಓದಬೇಕೆಂದು ಪ್ರಾರ್ಥಿಸುತ್ತೇನೆ. ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು. 16 ಅಧ್ಯಾಯಗಳು, ಒಂದು ಸಂಜೆಗೆ ಓದಿ ಮುಗಿಸಬಹುದು. ಬಿತ್ತಿ ನಿದ್ರಿಸಿದ ರೈತನ ಉಪಮೆಯೂ, ಬಿರುಗಾಳಿಯ ನಡುವೆ ದೋಣಿಯ ಹಿಂಭಾಗದಲ್ಲಿ ತಲೆದಿಂಬನ್ನಿಟ್ಟು ನಿದ್ರಿಸಿದ ಕ್ರಿಸ್ತನನ್ನು ಶಿಷ್ಯರು ಭಯದಿಂದ ಕೂಗಿ ಎಬ್ಬಿಸಿದ ಪ್ರಸಂಗವೂ ಅದರ ನಾಲ್ಕನೆಯ ಅಧ್ಯಾಯದಲ್ಲಿ ಹತ್ತಿರ ಹತ್ತಿರವೇ ಬರುತ್ತವೆ. ಅವೆರಡನ್ನೂ ಬಿಡಿಬಿಡಿಯಾಗಿ ಓದದೆ ಒಂದೇ ಪಟ್ಟಿನಲ್ಲಿ ಓದಿರಿ.