ಇದು ಎಂದಿನಿಂದ?



ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ತಂದೆಯೊಬ್ಬ ತನ್ನ ಮಗನನ್ನು ಪ್ರಭುವಿನ ಬಳಿಗೆ ಕರೆತರುತ್ತಾನೆ. ಹುಡುಗ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ಶಿಷ್ಯರಿಂದ ಏನೂ ಆಗದೆ, ಸುತ್ತಲೂ ಬರೀ ವಾಗ್ವಾದ ನಡೆದಿದೆ. ಆಗ ಪ್ರಭು ಯೇಸು ಗುಣಪಡಿಸುವುದಕ್ಕೆ ಮೊದಲು, ಇವನಿಗೆ ಇದು ಎಷ್ಟು ಕಾಲದಿಂದ ಇದೆ ಎಂದು ತಂದೆಯನ್ನು ವಿಚಾರಿಸುತ್ತಾರೆ. ಎಷ್ಟೋ ಸಲ ಈ ಭಾಗದ ಮೇಲೆ ಪ್ರಸಂಗ ಮಾಡಿದ್ದರೂ ಆ ಪ್ರಶ್ನೆ ನನ್ನ ಗಮನಕ್ಕೆ ಬಂದಿರಲಿಲ್ಲ.

ಯಲಹಂಕದ ಕಡೆಯ ಒಂದು ಕುಟುಂಬ. ಮಗನಿಗೆ ಒಂಬತ್ತು ವರ್ಷ. ತರಗತಿಯಲ್ಲಿ ಬೇರೆ ಮಕ್ಕಳ ಟಿಫಿನ್ ಡಬ್ಬಿ ತೆಗೆದು ತಿನ್ನುತ್ತಾನೆ, ತಡೆದರೆ ಕಿರುಚಿ ಬೆಂಚು ತಳ್ಳುತ್ತಾನೆ ಎಂದು ಶಾಲೆಯಿಂದ ದೂರು. ಟಿ.ಸಿ. ಕೊಡುವ ಮಾತೂ ಬಂದಿತ್ತು. ಶಾಲೆಯನ್ನು ದೂರಲು ನನಗೆ ಬಾಯಿಲ್ಲ. ಹಬ್ಬಕ್ಕೆಂದು ಇಟ್ಟಿದ್ದ ಬಾಳೆಹಣ್ಣನ್ನು ಅವನು ತಿಂದಾಗ, ಧರ್ಮೋಪದೇಶದ ತರಗತಿಯಲ್ಲಿ ಎಲ್ಲರೆದುರು ನಿಲ್ಲಿಸಿ ಏಳನೆಯ ಕಟ್ಟಳೆಯನ್ನು ಹೇಳಿಸಿದವನು ನಾನೇ. ತಪ್ಪಿಲ್ಲದೆ ಹೇಳಿದ, ಪಾಪ.

ಆ ಸಂಜೆ ತಾಯಿ ಬಂದು ಕೂತರು. "ಫಾದರ್, ಹುಟ್ಟಿದಾಗ ಇವನಿಗೆ ಹಾಲು ಚೀಪೋಕೂ ಶಕ್ತಿ ಇರಲಿಲ್ಲ. ಚಮಚದಲ್ಲಿ ಹನಿ ಹನಿ ಬಿಟ್ಟು ಉಳಿಸಿಕೊಂಡೆ. ಈಗ ಅಡಿಗೆಮನೆಗೆ ಬೀಗ ಹಾಕ್ತೀನಿ" ಎಂದರು.

ವೈದ್ಯರು ಇದನ್ನು ಪ್ರಾಡರ್-ವಿಲ್ಲಿ ಸಿಂಡ್ರೋಮ್ ಎನ್ನುತ್ತಾರೆ. 1956ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಮೊದಲು ವಿವರಿಸಿದರು. ತಂದೆಯಿಂದ ಬರಬೇಕಾದ 15ನೆಯ ವರ್ಣತಂತುವಿನ ಒಂದು ಭಾಗ ಇಲ್ಲದಿರುವುದು ಅಥವಾ ಕೆಲಸ ಮಾಡದಿರುವುದು ಇದರ ಕಾರಣ. ಇದು ತಂದೆಯ ತಪ್ಪಲ್ಲ, ಬಹುಪಾಲು ಆಕಸ್ಮಿಕ. ಹೊಟ್ಟೆ ತುಂಬಿತೆಂಬ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಉಂಡೆದ್ದ ಮೇಲೂ ಹಸಿವು. ದೇಹಕ್ಕೆ ಬೇಕಾದ ಆಹಾರವೋ ಇತರ ಮಕ್ಕಳಿಗಿಂತ ಕಡಿಮೆ.

ಪೂರ್ಣ ಅರಿವು, ಪೂರ್ಣ ಸಮ್ಮತಿ ಇಲ್ಲದೆ ಮಾರಕ ಪಾಪವಿಲ್ಲ ಎಂದು ಸೆಮಿನರಿಯಲ್ಲಿ ಓದಿ ಪರೀಕ್ಷೆ ಬರೆದವನು ನಾನು. ಅಂಕಗಳೂ ಚೆನ್ನಾಗಿಯೇ ಬಂದಿದ್ದವು!

ತಾಯಿಯೊಡನೆ ನಾನೂ ಶಾಲೆಗೆ ಹೋದೆ. ಸರ್ಕಾರದ ಮಾನ್ಯತೆ ಪಡೆದ ಶಾಲೆ ಇಂಥ ಮಕ್ಕಳನ್ನು ಸೇರಿಸಿಕೊಂಡೇ ಕಲಿಸಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆದರೆ ಕಾಯ್ದೆಗಿಂತ ಹೆಚ್ಚು ಕೆಲಸ ಮಾಡಿದ್ದು ತರಗತಿಯ ಟೀಚರಮ್ಮ ಕೇಳಿದ ಒಂದು ಪ್ರಶ್ನೆ: "ಅವನು ಕಿರುಚೋದಕ್ಕೆ ಮುಂಚೆ ಏನಾಗಿರುತ್ತೆ?" ಎರಡು ವಾರ ಬರೆದಿಟ್ಟು ನೋಡಿದರು. ಡಬ್ಬಿ ಕಣ್ಣಿಗೆ ಬಿದ್ದಾಗ, ಊಟ ತಡವಾದಾಗ, ಹೇಳದೆ ಪೀರಿಯಡ್ ಬದಲಾದಾಗ. ಈಗ ಎಲ್ಲ ಮಕ್ಕಳ ಡಬ್ಬಿಗಳೂ ಬೀರುವಿನಲ್ಲಿ. ಊಟದ ಹೊತ್ತು ಹಲಗೆಯ ಮೇಲೆ. ಬದಲಾವಣೆ ಇದ್ದರೆ ಬೆಳಿಗ್ಗೆಯೇ ಅವನಿಗೆ ತಿಳಿಸುತ್ತಾರೆ. ಬಹುಮಾನವಾಗಿ ಚಾಕಲೇಟು ಇಲ್ಲ, ಸ್ಟಿಕ್ಕರ್. ಸಿಟ್ಟು ಬಂದಾಗ ವಾದ ಮಾಡದೆ ಶಾಂತವಾದ ಮೂಲೆಯಲ್ಲಿ ಆಯಾ ಜೊತೆಗೆ ಕೂರುತ್ತಾರೆ. ಕಿರುಚಾಟ ಪೂರ್ತಿ ನಿಂತಿಲ್ಲ. ಟಿ.ಸಿ. ಮಾತು ನಿಂತಿದೆ.

ನಾನು ಅವನಲ್ಲಿ ಕ್ಷಮೆ ಕೇಳಿದೆ, ಅದೇ ತರಗತಿಯಲ್ಲಿ, ಎಲ್ಲರೆದುರು. ಅವನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಭಾನುವಾರ ಮಾತ್ರ ಪೂಜೆಗೆ ಮೊದಲೇ ಬಂದು, "ಫಾದರ್, ಪ್ರಸಂಗ ಎಷ್ಟು ಹೊತ್ತು?" ಎಂದು ಕೇಳುತ್ತಾನೆ. ಹತ್ತು ನಿಮಿಷ ಎನ್ನುತ್ತೇನೆ. ಕಳೆದ ವಾರ ಹದಿಮೂರಾಯಿತು. ಮುಂದಿನ ಬೆಂಚಿನಿಂದಲೇ ಕೈಗಡಿಯಾರ ಎತ್ತಿ ತೋರಿಸಿದ.