ಯಯಾತಿಯ ಯೌವನವೂ ಇಂದಿನ ಆಯುರ್ವಿಜ್ಞಾನವೂ



ನಮ್ಮ ಮೂಡಿಗೆರೆ ಸೀಮೆಯ ದೇವರಮನೆಯ ಗಿರಿಯಲ್ಲಿ ನೆಲೆಸಿರುವ ದೇವನ ಹೆಸರು ಕಾಲಭೈರವೇಶ್ವರ. ಕಾಲದ ಹೆಸರನ್ನೇ ಧರಿಸಿದ ಆ ಸನ್ನಿಧಿಗೆ ಮಂಜು ಮಳೆಗಳನ್ನು ಲೆಕ್ಕಿಸದೆ ಏರಿ ಹೋಗುವ ಭಕ್ತರಲ್ಲಿ ಆಯುಸ್ಸನ್ನು ಬೇಡದವರು ವಿರಳ. ಅದರಲ್ಲಿ ದೋಷವೇನೂ ಇಲ್ಲ. ವಿಹಿತಕರ್ಮಗಳನ್ನು ಆಚರಿಸುತ್ತಲೇ ಶತಾಯುಷಿಯಾಗಲು ಬಯಸಬೇಕೆಂಬುದು ಈಶಾವಾಸ್ಯೋಪನಿಷತ್ತಿನ ಅಭಿಪ್ರಾಯ. ಷಷ್ಟ್ಯಬ್ದಿಯಾಗಲಿ, ಭೀಮರಥಶಾಂತಿಯಾಗಲಿ, ಸಂಕಲ್ಪದಲ್ಲಿ ಆಯುಸ್ಸು ಎಂಬ ಪದದ ಬೆನ್ನಿಗೇ ಆರೋಗ್ಯ ಎಂಬ ಪದ ಬರುತ್ತದೆ. ಹಾಸಿಗೆ ಹಿಡಿದು ಕಳೆಯುವ ವರ್ಷಗಳನ್ನು ಹಿರಿಯರು ಬೇಡಲಿಲ್ಲ.

ಈಚೆಗೆ ಮನೆಗಳಲ್ಲಿ ಪೂಜೆ ಮುಗಿದು ಎಲೆ ಹಾಕುವ ಹೊತ್ತಿಗೆ ಒಂದು ಪ್ರಶ್ನೆ ನಮ್ಮ ಮುಂದೆ ಬರುತ್ತಿದೆ. "ಮುಪ್ಪನ್ನು ತಡೆಯುವ ಮಾತ್ರೆ ಬಂದಿದೆಯಂತಲ್ಲ ಭಟ್ಟರೇ, ತೆಗೆದುಕೊಳ್ಳಬಹುದೇ? ಶಾಸ್ತ್ರ ಒಪ್ಪುತ್ತದೆಯೇ?" ಕೇಳುವವರು ಹಾಸ್ಯಕ್ಕೆ ಕೇಳುವುದಿಲ್ಲವಾದುದರಿಂದ ಉತ್ತರವನ್ನೂ ವಿಚಾರಮಾಡಿಯೇ ಹೇಳಬೇಕಾಗಿದೆ.

ಮೊದಲು ಮಾತ್ರೆಯ ಸಂಗತಿ. ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ದೊರೆತ ರಾಪಮೈಸಿನ್ ಎಂಬ ಔಷಧವುಂಟು. ಮೂತ್ರಪಿಂಡವನ್ನು ಕಸಿ ಮಾಡಿಸಿಕೊಂಡವರಿಗೆ, ದೇಹವು ಅದನ್ನು ತಿರಸ್ಕರಿಸದಿರಲೆಂದು ವೈದ್ಯರು ಕೊಡುವ ಔಷಧವದು. 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದನ್ನು 600 ದಿನ ವಯಸ್ಸಿನ ಇಲಿಗಳಿಗೆ ಕೊಟ್ಟರು. ಮನುಷ್ಯರ ಲೆಕ್ಕದಲ್ಲಿ ಅದು ಸುಮಾರು ಅರವತ್ತು. ಇಲಿಗಳ ಷಷ್ಟ್ಯಬ್ದಿ ಎನ್ನೋಣ. ಆ ಇಲಿಗಳ ಪರಮಾಯುಸ್ಸು ಹೆಣ್ಣುಗಳಲ್ಲಿ ಶೇಕಡಾ 14ರಷ್ಟು, ಗಂಡುಗಳಲ್ಲಿ ಶೇಕಡಾ 9ರಷ್ಟು ಹೆಚ್ಚಿತು. ಮುಪ್ಪಿನ ವೇಗವು ಅಚಲವಲ್ಲವೆಂದು ಇದರಿಂದ ತಿಳಿದಂತಾಯಿತು. ಇದು ಸಣ್ಣ ಮಾತಲ್ಲ. ಆದರೆ ಮನುಷ್ಯರ ಆಯುಸ್ಸನ್ನು ಈ ಔಷಧ ವೃದ್ಧಿಸುತ್ತದೆಂಬುದು ಇನ್ನೂ ಸಿದ್ಧವಾಗಿಲ್ಲ. ರೋಗನಿರೋಧಶಕ್ತಿಯನ್ನು ಕುಗ್ಗಿಸುವುದೇ ಅದರ ಕೆಲಸವಾದುದರಿಂದ, ನೆರೆಹೊರೆಯವರ ಮಾತು ಕೇಳಿ ನುಂಗುವ ವಸ್ತುವಂತೂ ಅಲ್ಲ.

ಇದಕ್ಕಿಂತ ಆಶ್ಚರ್ಯಕರವಾದುದು ಜಪಾನಿನ ಶಿನ್ಯಾ ಯಾಮಾನಾಕಾ ಅವರ ಶೋಧ. 2006ರಲ್ಲಿ ಅವರು ಇಲಿಯ ಚರ್ಮದ ಜೀವಕೋಶಕ್ಕೆ ನಾಲ್ಕು ಅಂಶಗಳನ್ನು ಸೇರಿಸಿ, ಅದು ಭ್ರೂಣಾವಸ್ಥೆಯ ಕೋಶದಂತೆ ವರ್ತಿಸುವಂತೆ ಮಾಡಿದರು. 2012ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು. ತೋಟವಿರುವ ನಮ್ಮ ಓದುಗರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಫಸಲು ಕುಗ್ಗಿದ ಹಳೆಯ ಕಾಫಿ ಗಿಡವನ್ನು ಬುಡದಿಂದ ಒಂದಡಿ ಬಿಟ್ಟು ಕತ್ತರಿಸುತ್ತಾರಷ್ಟೆ. ಅದೇ ಬೇರಿನಿಂದ ಹೊಸ ಚಿಗುರು ಹೊರಡುತ್ತದೆ. ಬಂದ ಚಿಗುರುಗಳನ್ನೆಲ್ಲ ಬಿಟ್ಟರೆ ಗಿಡ ಪೊದೆಯಾಗಿ ಕೆಡುವುದರಿಂದ ಒಂದೆರಡನ್ನು ಮಾತ್ರ ಉಳಿಸಬೇಕು. ಜೀವಕೋಶಗಳ ವಿಷಯದಲ್ಲಿಯೂ ಭಯವಿರುವುದು ಇಲ್ಲಿಯೇ. ಹಿಂದಕ್ಕೆ ತಿರುಗಿಸುವ ಕ್ರಿಯೆ ಅಳತೆ ಮೀರಿದರೆ ಅರ್ಬುದ, ಅಂದರೆ ಕ್ಯಾನ್ಸರ್ ಗಡ್ಡೆ, ಹುಟ್ಟುತ್ತದೆ.

ನಮ್ಮ ನಾಡಿನಲ್ಲಿಯೂ ಈ ಕಾರ್ಯ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ದಾಟಿದ 10,000 ಗ್ರಾಮಸ್ಥರನ್ನು ವರ್ಷಾನುವರ್ಷ ಪರೀಕ್ಷಿಸುವ ಉದ್ದೇಶದಿಂದ 2018ರಲ್ಲಿ ಒಂದು ಅಧ್ಯಯನವನ್ನು ಆರಂಭಿಸಿದರು. ಯಾರ ಸ್ಮೃತಿ ಉಳಿಯುತ್ತದೆ, ಯಾರದು ಏಕೆ ಅಳಿಯುತ್ತದೆ ಎಂಬುದು ಅಲ್ಲಿಯ ಜಿಜ್ಞಾಸೆ. ಅದೇ ವಿಜ್ಞಾನ ಸಂಸ್ಥೆಯಲ್ಲಿ 2024ರಲ್ಲಿ 'ಲಾಂಗೆವಿಟಿ ಇಂಡಿಯಾ' ಎಂಬ ಯೋಜನೆಯೂ ಪ್ರಾರಂಭವಾಯಿತು. ಪಾಶ್ಚಾತ್ಯರ ರಕ್ತಪರೀಕ್ಷೆಯ ಅಳತೆಗಳನ್ನೇ ನಮ್ಮವರಿಗೂ ಅನ್ವಯಿಸಿದರೆ ಸಾಲದು, ಭಾರತೀಯರ ದೇಹಕ್ಕೆ ಭಾರತೀಯರದೇ ಪ್ರಮಾಣ ಬೇಕೆಂಬುದು ಅವರ ವಾದ. ಪ್ರಮಾಣವಿಲ್ಲದೆ ಪ್ರಮೇಯಸಿದ್ಧಿಯಿಲ್ಲವೆಂದು ಪಾಠಶಾಲೆಯಲ್ಲಿ ಕಲಿತ ನಮಗೆ ಈ ಮಾತು ಬಹಳ ಹಿಡಿಸಿತು.

ಶಾಸ್ತ್ರವು ಇದನ್ನು ನಿಷೇಧಿಸುತ್ತದೆಯೇ? ವೃದ್ಧನಾದ ಚ್ಯವನಮಹರ್ಷಿಗೆ ಅಶ್ವಿನೀದೇವತೆಗಳು ಯೌವನವನ್ನು ಕೊಟ್ಟ ಕಥೆ ಭಾಗವತದ ನವಮಸ್ಕಂಧದಲ್ಲಿಯೇ ಇದೆ. ಆ ದೇವವೈದ್ಯರಿಗೆ ಋಷಿಯು ಸೋಮಭಾಗವನ್ನು ದೊರಕಿಸಿಕೊಟ್ಟನು. ದೇಹಬಲವೂ ತುಚ್ಛವಲ್ಲ. ಕಳಸದ ಬಳಿ ಭದ್ರೆಯ ಅಂಬುತೀರ್ಥದಲ್ಲಿ ಶ್ರೀಮದಾಚಾರ್ಯರು ಒಂದೇ ಕೈಯಿಂದ ತಂದಿಟ್ಟರೆಂದು ಪ್ರಸಿದ್ಧವಾದ ಬಂಡೆಯನ್ನು ನಾವು ಇಂದಿಗೂ ನಮಸ್ಕರಿಸುತ್ತೇವೆ.

ಇಲ್ಲಿ ಒಂದು ಅವಾಂತರ ವಿಷಯ. ಜೀವಕೋಶವು ತನ್ನ ಕಸವನ್ನು ತಾನೇ ಅರಗಿಸಿಕೊಳ್ಳುವ ಕ್ರಮವನ್ನು ಶೋಧಿಸಿದ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದಾಗಿನಿಂದ, ಏಕಾದಶಿಗೆ ವಿಜ್ಞಾನದ ಮುದ್ರೆ ಬಿತ್ತೆಂದು ಹಲವರು ಸಂಭ್ರಮಿಸುತ್ತಾರೆ. ನಮಗೆ ಇದು ಸಮ್ಮತವಲ್ಲ. ಓಸುಮಿ ಅವರು ಪರೀಕ್ಷಿಸಿದ್ದು ಯೀಸ್ಟನ್ನು, ನಮ್ಮ ವ್ರತವನ್ನಲ್ಲ. ಹರಿಪ್ರೀತ್ಯರ್ಥವಾಗಿ ಮಾಡುವ ಉಪವಾಸಕ್ಕೆ ಇಂತಹ ಮುದ್ರೆಯ ಅಗತ್ಯವೂ ಇಲ್ಲ. ಎಂಟು ಕಳೆದವರಿಂದ ಎಂಬತ್ತು ತುಂಬದವರವರೆಗೆ ಎಂದು ಧರ್ಮಶಾಸ್ತ್ರವೇ ಉಪವಾಸನಿಯಮಕ್ಕೆ ಮೇರೆಯನ್ನಿಟ್ಟಿದೆ. ಆದುದರಿಂದ ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜಿಯನ್ನು ಆಯುಸ್ಸು ಹೆಚ್ಚುತ್ತದೆಂದು ನಿರ್ಜಲಕ್ಕೆ ಕೂರಿಸುವುದು ವ್ರತವೂ ಆಗದು, ವಿಜ್ಞಾನವೂ ಆಗದು.

ಇನ್ನು ಯಯಾತಿ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪಡರಿದ ಆ ರಾಜನು ಮಕ್ಕಳನ್ನು ಕರೆದು ಯೌವನವನ್ನು ಬೇಡಿದನು. ಕಿರಿಯವನಾದ ಪೂರುವು ಕೊಟ್ಟನು. 2023ರಲ್ಲಿ ಅಮೆರಿಕದ ಬ್ರಯಾನ್ ಜಾನ್ಸನ್ ಎಂಬ ಧನಿಕ ಉದ್ಯಮಿಯು ತನ್ನ 17 ವರ್ಷದ ಮಗನ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾವನ್ನು ತನ್ನ ದೇಹಕ್ಕೆ ಸೇರಿಸಿಕೊಂಡ ವಾರ್ತೆಯನ್ನು ಓದಿದಾಗ ನಾವು ಕಾಫಿ ಲೋಟವನ್ನು ಕೆಳಗಿಟ್ಟು ಮತ್ತೊಮ್ಮೆ ಓದಿದೆವು. ಎಳೆಯ ರಕ್ತದ ಸಂಪರ್ಕದಿಂದ ಮುದಿ ಇಲಿಯ ಸ್ನಾಯುಗಳು ಚೇತರಿಸಿಕೊಂಡುದನ್ನು 2005ರಲ್ಲಿ ವಿಜ್ಞಾನಿಗಳು ತೋರಿಸಿದ್ದರು. ಮನುಷ್ಯರಲ್ಲಿ ಇದರ ಪ್ರಯೋಜನ ಸಿದ್ಧವಾಗಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2019ರಲ್ಲಿಯೇ ಎಚ್ಚರಿಸಿತ್ತು. ಕೆಲವೇ ತಿಂಗಳಲ್ಲಿ ಆ ಉದ್ಯಮಿಯೂ ಪ್ರಯೋಜನ ಕಾಣಲಿಲ್ಲವೆಂದು ತಾನೇ ಪ್ರಕಟಿಸಿದನು.

ಪೂರುವನ್ನು ಹೊಗಳುವ ಭರದಲ್ಲಿ, ಒಲ್ಲೆನೆಂದ ಯದುವನ್ನು ನಿಂದಿಸುವ ರೂಢಿಯಿದೆ. ಸುಖವನ್ನು ಅನುಭವಿಸಿ ತಿಳಿಯದೆ ವೈರಾಗ್ಯ ಬಾರದೆಂದು ಯದುವು ತಂದೆಗೆ ಉತ್ತರಿಸಿದನೆಂದು ಭಾಗವತವು ಹೇಳುತ್ತದೆ. ಶ್ರೀಕೃಷ್ಣನು ಅವತರಿಸಿದುದು ಈ ಯದುವಿನ ವಂಶದಲ್ಲಿ. ಇದನ್ನು ನಾವು ಮರೆಯಬಾರದು.

ಏಕೆಂದರೆ ರಕ್ತವನ್ನು ತೆಗೆಯದೆಯೂ ಮಕ್ಕಳ ಯೌವನವನ್ನು ತೆಗೆದುಕೊಳ್ಳಬಹುದು. ಎಂಬತ್ತರಲ್ಲಿಯೂ ಗಟ್ಟಿಯಾಗಿರುವ ಯಜಮಾನರು ನಮ್ಮ ಸೀಮೆಯಲ್ಲಿ ಈಗ ಅಪರೂಪವಲ್ಲ. ಶ್ರೀಹರಿಯು ಅವರಿಗೆ ಇನ್ನಷ್ಟು ಆಯುಸ್ಸನ್ನು ಕೊಡಲಿ. ಆದರೆ ತೋಟದ ಲೆಕ್ಕದ ಪುಸ್ತಕ, ಆಳುಗಳ ಬಟವಾಡೆ, ಕಬ್ಬಿಣದ ಬೀರುವಿನ ಬೀಗದ ಕೈ ಇವು ಅವರಲ್ಲಿಯೇ ಉಳಿದು, ಐವತ್ತೈದರ ಮಗನು ಗೊಬ್ಬರ ತರಲು ಅಪ್ಪಯ್ಯನ ಅಪ್ಪಣೆಗಾಗಿ ಜಗಲಿಯಲ್ಲಿ ನಿಂತಿರುತ್ತಾನೆ. ಇನ್ನೊಬ್ಬ ಮಗ ಕಾದು ಬೇಸತ್ತು ಬೆಂಗಳೂರಿಗೆ ಹೋದವನು ಮರಳಿ ಬರಲಿಲ್ಲ. ವಿಜ್ಞಾನವು ಇನ್ನೂ ಇಪ್ಪತ್ತು ವರ್ಷಗಳ ಆರೋಗ್ಯವನ್ನು ಕೂಡಿಸಿದರೆ ಆ ಮಗನು ಎಪ್ಪತ್ತೈದರವರೆಗೆ ನಿಂತಿರಬೇಕೇ? ಮಾತ್ರೆಯ ವಿಷಯ ಕೇಳುವವರಿಗೆ ನಾವು ತಿರುಗಿ ಕೇಳುವುದು ಇದನ್ನೇ.

ಯಯಾತಿಯು ಕೊನೆಗೆ ಪೂರುವಿನ ಯೌವನವನ್ನು ಹಿಂದಿರುಗಿಸಿ ತನ್ನ ಮುಪ್ಪನ್ನು ತಾನೇ ಧರಿಸಿದನು. ಪೂರುವಿಗೆ ಪಟ್ಟ ಕಟ್ಟಿದನು. ಒಲ್ಲೆನೆಂದಿದ್ದ ಯದುವಿಗೂ ದಕ್ಷಿಣದಿಕ್ಕನ್ನು ಕೊಟ್ಟನು. ಆಮೇಲೆ ವನಕ್ಕೆ ತೆರಳಿದನು. ನಮ್ಮವರು ಅಷ್ಟು ದೂರ ಹೋಗಬೇಕಾಗಿಲ್ಲ. ಮನೆಯೇ ಕಾಡಿನ ನಡುವೆ ಇದೆ; ಬೀಗದ ಕೈ ಮಾತ್ರ ಕೊಡಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥